ಮರಳದಿರುವ ಉದ್ದೇಶ

ಬಾಗಿಲು ತಟ್ಟುವ ಮೊದಲು ಸಿಗ್ರಿಡ್ ಸೌದೆಯ ಒಟ್ಟಿಲಿನ ಮುಂದೆ ನಿಂತುಬಿಟ್ಟಳು. ಬೇರೆ ಮನೆಗಳಲ್ಲಿ ಸೌದೆ ಹಿತ್ತಿಲ ಕೊಟ್ಟಿಗೆಯಲ್ಲಿರುತ್ತದೆ. ಇಲ್ಲಿ ಅದನ್ನು ಅಡುಗೆಮನೆಯ ಬಾಗಿಲಿನಿಂದ ಕೈಚಾಚಿದರೆ ಸಿಗುವಂತೆ, ಸೊಂಟದೆತ್ತರ ಮೀರದ ಹಾಗೆ, ಗೋಡೆಯ ಕೊನೆಯ ತನಕ ಜೋಡಿಸಿದ್ದರು. ತುಂಡುಗಳನ್ನೆಲ್ಲ ತೆಳ್ಳಗೆ ಸೀಳಿದ್ದರು. ವಯಸ್ಸಾದವರು ಒಂದು ಕೈಯಲ್ಲಿ ಹಿಡಿದು ಒಲೆಗೆ ಹಾಕಬಹುದು. ಕಿಟಕಿಗಳಿಗೆ ಚಳಿಗಾಲದ ಎರಡನೆಯ ಗಾಜುಗಳೂ ಆಗಲೇ ಕೂತಿದ್ದವು. ಅಕ್ಟೋಬರ್ ತಿಂಗಳು ಇನ್ನೂ ಮುಗಿದಿರಲಿಲ್ಲ, ನದಿಯಂಚಿನ ಮರಗಳಲ್ಲಿ ಹಳದಿ ಎಲೆ ಉಳಿದಿತ್ತು.

"ಏನು ನೋಡ್ತಾ ಇದ್ದೀರಿ ಮೇಡಂ?" ಹಿಂದಿನಿಂದ ಸಾರ್ಜೆಂಟ್ ಗೇತಾನ್ ಕೇಳಿದ.

"ಇದನ್ನ ಜೋಡಿಸಿದೋನಿಗೆ ಚಳಿಗಾಲದಲ್ಲಿ ತಾನು ಇಲ್ಲಿರಲ್ಲ ಅಂತ ಗೊತ್ತಿತ್ತು."

"ಗೊತ್ತಿರದೆ ಏನು? ಸೇನೆಗೆ ಹೊರಟಿದ್ದನಲ್ಲ."

"ತಲೆ ತಪ್ಪಿಸ್ಕೊಂಡು ಹೋಗೋನೂ ಅಜ್ಜಿಗೆ ಹೀಗೇ ಜೋಡಿಸಿಟ್ಟು ಹೋಗ್ತಾನೆ ಗೇತಾನ್. ಸೌದೆ ನೋಡಿದ್ರೆ ಯಾವುದು ಅಂತ ಗೊತ್ತಾಗಲ್ಲ."

ಗೇತಾನ್ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. ಕಾರಿನಲ್ಲಿ ಬರುವಾಗಲೂ ಅವನು ಮಾತಾಡಿದ್ದು ಕಡಿಮೆ. ಸಾಮಾನ್ಯವಾಗಿ ಅವನ ಬಾಯಿ ಮುಚ್ಚಿಸುವುದೇ ಕಷ್ಟ.

ವಾರದ ದಿನಗಳಲ್ಲಿ ಸಿಗ್ರಿಡ್ ಲುಂಡೀನ್ ಜಿಲ್ಲಾ ಕೇಂದ್ರದಲ್ಲಿ ವಕೀಲೆ. ಉಯಿಲು ಬರೆಯುವುದು, ಹೊಲದ ಎಲ್ಲೆಯ ಜಗಳ ಬಿಡಿಸುವುದು ಅವಳ ಕೆಲಸ. ತಿಂಗಳಿಗೊಂದು ಶನಿವಾರ, ಭಾನುವಾರ ಸಮವಸ್ತ್ರ ತೊಟ್ಟು ಗಾರ್ಡ್ ಪಡೆಯ ಕಾನೂನು ವಿಭಾಗದಲ್ಲಿ ಕ್ಯಾಪ್ಟನ್ ಆಗುತ್ತಿದ್ದಳು. ಬೆಲ್‌ರೀವ್ ಊರಿನ ತುಕಡಿಯಲ್ಲಿ ಇದ್ದವರೂ ಹಾಗೆಯೇ. ಶಾಲಾ ಬಸ್ಸಿನ ಚಾಲಕ, ಆಸ್ಪತ್ರೆಯ ನರ್ಸು, ಆಲೂಗಡ್ಡೆ ಹೊಲದ ಕೂಲಿಗಳು, ಎಲ್ಲರೂ ತಿಂಗಳಿಗೆರಡು ದಿನದ ಸೈನಿಕರು. ಪೂರ್ತಿ ಸಂಬಳದ ಮೇಲೆ ಅಲ್ಲೇ ಇರುತ್ತಿದ್ದವನು ಗೇತಾನ್ ಒಬ್ಬನೇ. ತುಕಡಿಯ ಕವಾಯತು ಭವನದ ಬೀಗದ ಕೈಯಿಂದ ಹಿಡಿದು ಯಾರ ಬೂಟು ಯಾವ ಅಳತೆ ಎನ್ನುವ ತನಕ ಎಲ್ಲ ಅವನ ಹತ್ತಿರ.

ಬೇಸಿಗೆಯಲ್ಲಿ ಕೇಂದ್ರ ಸರ್ಕಾರದ ಆದೇಶ ಬಂತು: ತುಕಡಿ ಒಂದು ವರ್ಷ ಹೊರದೇಶಕ್ಕೆ ಹೋಗಬೇಕು. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಎಲ್ಲರೂ ಚೀಲ ಹೊತ್ತು ಬಂದರು. ಈ ಮನೆಯ ಹುಡುಗ ರೆಮೀ ಮಿಶೋ ಬರಲಿಲ್ಲ. ಭವನ ನೋಡಿಕೊಳ್ಳಲು ಗೇತಾನ್ ಹಿಂದೆ ಉಳಿದ, ಬಸ್ಸು ಹೊರಟುಹೋಯಿತು. ಈಗ ತಿಂಗಳು ತುಂಬುತ್ತ ಬಂದಿತ್ತು. ತುಂಬಿದರೆ ಅವನ ಹೆಸರು ಸೇನೆ ಬಿಟ್ಟು ಓಡಿಹೋದವರ ಸಾಲಿಗೆ ಸೇರುತ್ತದೆ, ಆಮೇಲೆ ದೇಶದ ಯಾವ ಪೊಲೀಸನಾದರೂ ಅವನನ್ನು ಹಿಡಿಯಬಹುದು. ದಕ್ಷಿಣದ ತರಬೇತಿ ಶಿಬಿರದಿಂದ ಕರ್ನಲ್ ಸಿಗ್ರಿಡ್‌ಗೆ ಫೋನ್ ಮಾಡಿ ಕೇಳಿದ್ದರು. "ಇವನು ಓಡಿಹೋದವನೋ, ಬರೀ ಬಾರದೆ ಇದ್ದವನೋ? ಸೋಮವಾರದೊಳಗೆ ಒಂದು ಮಾತು ಹೇಳಿ."

ಆ ಪ್ರಶ್ನೆ ಅವಳಿಗೆ ಕಾನೂನು ಓದುವ ಕಾಲದಿಂದಲೂ ಸೋಜಿಗದ್ದು. ತಿಂಗಳ ಕವಾಯತಿಗೆ ಬಾರದವನ ಸಂಬಳ ಕಡಿಯುತ್ತಾರೆ, ದರ್ಜೆ ಇಳಿಸುತ್ತಾರೆ, ಬಾರದಿರುವುದೇ ಚಾಳಿಯಾದರೆ ಸಮವಸ್ತ್ರ ವಾಪಸು ತೆಗೆದುಕೊಂಡು ಮನೆಗೆ ಕಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಕೇಂದ್ರದ ಆದೇಶದಲ್ಲಿ ಅಚ್ಚಾದ ಗಳಿಗೆ ಬಂದೊಡನೆ ಅದೇ ಭವನದ ಅದೇ ನೆಲದ ಮೇಲೆ ನಿಂತ ಅದೇ ಮನುಷ್ಯ ಬೇರೆ ಕಾನೂನಿಗೆ ಸೇರಿಬಿಡುತ್ತಾನೆ. ಆ ಕಾನೂನಿಗೂ ಬರೀ ಗೈರುಹಾಜರಿ ಸಾಲದು. ಇನ್ನು ಮರಳುವುದಿಲ್ಲ ಎಂಬ ಉದ್ದೇಶ ಅವನ ಮನಸ್ಸಿನಲ್ಲಿರಬೇಕು, ಇಲ್ಲವೇ ಅಪಾಯದ ಕೆಲಸದಿಂದ ಜಾರಿಕೊಳ್ಳುವ ಉದ್ದೇಶವಾದರೂ ಇರಬೇಕು. ಯಾರ ಕಣ್ಣಿಗೂ ಕಾಣದ್ದನ್ನು ಕಾನೂನು ಕೇಳುತ್ತದೆ. ಸತ್ತವರ ಮನಸ್ಸಿನಲ್ಲಿ ಏನಿತ್ತೆಂದು ಉಯಿಲುಗಳಲ್ಲಿ ಹುಡುಕಿ ಅಭ್ಯಾಸವಿದ್ದ ಸಿಗ್ರಿಡ್‌ಗೆ ಬದುಕಿರುವವನ ಮನಸ್ಸನ್ನು ಎಲ್ಲಿ ಹುಡುಕಬೇಕೆಂದು ಹೊಳೆಯಲಿಲ್ಲ. ಅದಕ್ಕೇ ಅವನ ಮನೆಯನ್ನಾದರೂ ನೋಡೋಣವೆಂದು ಬಂದಿದ್ದಳು.

ಬಾಗಿಲು ತಾನಾಗಿಯೇ ತೆರೆಯಿತು.

"ಸೌದೆ ನೋಡಿದ್ದಾಯ್ತಾ? ಇನ್ನು ಒಳಗೆ ಬನ್ನಿ, ಒಲೆಯ ಕಾವೆಲ್ಲ ಹೊರಗೆ ಹೋಗ್ತಿದೆ." ರೆಮೀಯ ಅಜ್ಜಿ ಅಲ್ಫೊನ್ಸೀನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಊರಿನವರೆಲ್ಲ ಅವಳನ್ನು ಕರೆಯುವುದು ಮೆಮೇರ್, ಅಂದರೆ ಅಜ್ಜಿ, ಎಂದೇ. "ಏ ಗೇತಾನ್, ಬೂಟು ಒರೆಸ್ಕೊಳ್ಳೋ. ಸೇನೆ ಕೆಸರಾದ್ರೂ ಗುಡಿಸೋಳು ನಾನೇ ತಾನೆ." ಆಮೇಲೆ ಸಿಗ್ರಿಡ್‌ಳ ಮುಖವನ್ನೇ ದಿಟ್ಟಿಸಿದಳು. "ನೀನು ಲುಂಡೀನರ ಹುಡುಗಿ ಅಲ್ವಾ? ಆ ಸ್ವೀಡನ್ ಮಂದಿ ಪ್ಲೋಯ್ ಜೊತೆಗೆ ಉಪ್ಪು ಮೀನು ತಿಂತಾರಂತೆ. ಹೌದಾ?"

"ನಮ್ಮಪ್ಪ ತಿಂತಿದ್ರು. ನಾನು ಬೆಣ್ಣೆ ಪಾರ್ಟಿ."

"ಸದ್ಯ, ದೇವರು ದೊಡ್ಡವನು. ಕೂತ್ಕೊ."

ಕಾವಲಿಯ ಮೇಲೆ ದೋಸೆಯಂಥ ಪ್ಲೋಯ್‌ನ ಹಿಟ್ಟು ಹರಡಿ ಸಣ್ಣ ಸಣ್ಣ ತೂತು ಬಿಡುತ್ತಿತ್ತು. ಮೆಮೇರ್ ಅದನ್ನು ಮಗುಚದೆ, ಒಂದೇ ಕಡೆ ಬೇಯಿಸಿ, ಬಟ್ಟೆಯ ಮಡಿಕೆಯೊಳಗೆ ಇಟ್ಟಳು. ಸಿಗ್ರಿಡ್ ಕುಳಿತುಕೊಳ್ಳಲಿಲ್ಲ.

"ಮೆಮೇರ್, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ರೆಮೀ ಕಡೆ ವಕೀಲೆ ಅಲ್ಲ, ಸೇನೆ ಕಡೆಯೋಳು. ನೀವು ಹೇಳಿದ್ದನ್ನ ನಾನು ಮುಚ್ಚಿಡೋ ಹಾಗಿಲ್ಲ. ಅವನಿಗೆ ಹಿಂಗೆ ಮಾಡು, ಹಂಗೆ ಮಾಡು ಅಂತ ಬುದ್ಧಿ ಹೇಳೋ ಹಾಗೂ ಇಲ್ಲ. ಕೇಸು ಅಂತ ಆದ್ರೆ ಅವನಿಗೆ ಅಂತಲೇ ಬೇರೆ ವಕೀಲರನ್ನ ಸೇನೇನೇ ಕೊಡುತ್ತೆ, ದುಡ್ಡು ಬೇಡ."

"ಹಾಗಾದ್ರೆ ನೀನು ಬಂದಿದ್ದಾದ್ರೂ ಯಾಕೆ?"

"ನೋಡೋಕೆ."

"ನೋಡು ಮತ್ತೆ. ಕೂತ್ಕೊಂಡು ನೋಡು. ನಿಂತವರಿಗೆ ನಾನು ಬಡಿಸಲ್ಲ."

ಸಿಗ್ರಿಡ್ ಕೂತಳು. ಒಲೆಯ ಹಿಂದೆ ಸೇನೆಯ ಹಸಿರು ಚೀಲವಿತ್ತು. ಬಾಯಿ ಬಿಗಿದು ಕಟ್ಟಿತ್ತು. ಅದರ ಮೇಲೆ ಮೆರುಗು ಕೊಟ್ಟ ಬೂಟುಗಳು, ಲೇಸನ್ನು ಒಳಗೆ ಸುತ್ತಿಟ್ಟಿತ್ತು. ಈ ಚೀಲವೂ ಸೌದೆಯ ಹಾಗೆಯೇ, ಅವಳು ಯೋಚಿಸಿದಳು. ಮರಳಿ ಬಂದು ಎತ್ತಿಕೊಂಡು ಹೋಗುತ್ತೇನೆ ಎಂದು ಇಟ್ಟದ್ದಿರಬಹುದು. ಇನ್ನು ಇದು ನನಗೆ ಬೇಡ ಎಂದು ಬಿಟ್ಟುಹೋದದ್ದೂ ಇರಬಹುದು.

"ಅದನ್ನ ಕಟ್ಟಿದ ದಿನವೇ ತಲೆಕೂದಲು ಕತ್ತರಿಸಿದ್ದು," ಮೆಮೇರ್ ಬೆಣ್ಣೆಯ ಬಟ್ಟಲು ಮುಂದೆ ತಳ್ಳಿದಳು. "ನೀನು ಕೂತಿದ್ದೀಯಲ್ಲ, ಅದೇ ಕುರ್ಚಿ ಮೇಲೆ. ಕಿವಿ ಪೂರ್ತಿ ಕಾಣೋ ಹಾಗೆ ಕತ್ತರಿಸು ಮೆಮೇರ್, ಇಲ್ಲಾಂದ್ರೆ ಅಲ್ಲಿ ಬೈತಾರೆ ಅಂದ. ನನ್ನ ಕೈ ನಡುಗುತ್ತೆ ನೋಡು, ಒಂದು ಕಡೆ ಸ್ವಲ್ಪ ಮೆಟ್ಟಿಲು ಮೆಟ್ಟಿಲಾಯ್ತು. ಆದ್ರೂ ಚೆನ್ನಾಗಿದೆ ಅಂದ ಪಾಪ."

"ಅದು ಯಾವಾಗ?"

"ಲಾಬ್ರೀ ಹೊಲದಲ್ಲಿ ಆಲೂಗಡ್ಡೆ ಅಗೆತ ಮುಗೀತಲ್ಲ, ಅದರ ಮಾರನೇ ದಿನ."

ಸಿಗ್ರಿಡ್ ಬೆಣ್ಣೆ ಸವರುವುದನ್ನು ನಿಲ್ಲಿಸಿದಳು. ಈ ವರ್ಷ ಮಳೆ ಬಿಡದೆ ರೈತ ಲಾಬ್ರೀಯ ಅಗೆತ ತಡವಾದದ್ದು ಇಡೀ ಕಣಿವೆಗೆ ಗೊತ್ತಿದ್ದ ಸಂಗತಿ. ಅಂದರೆ ಬಸ್ಸು ಹೋಗಿ ಹತ್ತಿರ ಹತ್ತಿರ ಎರಡು ವಾರವಾದ ಮೇಲೆ ಈ ಹುಡುಗ ಸೇನೆಯವರು ಬೈದಾರೆಂದು ತಲೆಕೂದಲು ಕತ್ತರಿಸಿಕೊಂಡಿದ್ದಾನೆ. ತಪ್ಪಿಸಿಕೊಳ್ಳುವವನು ಹೀಗೆ ಮಾಡುತ್ತಾನೆಯೇ? ಹೋಗುವವನಾದರೆ ಬಸ್ಸು ಯಾಕೆ ಬಿಟ್ಟ?

"ಬಸ್ಸು ಹೊರಟಿದ್ದು ಅವನಿಗೆ ಗೊತ್ತಿರಲಿಲ್ವಾ?"

ಮೆಮೇರ್ ಅವಳ ಕಡೆ ನೋಡಲಿಲ್ಲ, ಗೇತಾನ್‌ನ ಕಡೆ ನೋಡಿದಳು. ಗೇತಾನ್ ಕಾಫಿಯೊಳಗೆ ಚಮಚ ತಿರುಗಿಸುತ್ತಿದ್ದ. ಅವನು ಸಕ್ಕರೆ ಹಾಕಿಕೊಳ್ಳುವವನಲ್ಲ.

"ಗೊತ್ತಿತ್ತು," ಎಂದಳು ಮೆಮೇರ್. "ಮಿಕ್ಕಿದ್ದನ್ನ ನಾನು ಹೇಳಲ್ಲ ಮಗಳೇ. ನನ್ನ ಮೇಜಿನ ಮುಂದೆ ಕೂತು ತಿಂತಿರೋರ ಮೇಲೆ ನಾನು ಯಾವತ್ತೂ ದೂರು ಹೇಳಿದೋಳಲ್ಲ. ಇನ್ನೊಂದು ಹಾಕ್ಲಾ ಗೇತಾನ್?"

"ಸಾಕು ಮೆಮೇರ್."

"ಸಾಕಂತೆ! ಚಿಕ್ಕೋನಿದ್ದಾಗ ಹಿಟ್ಟಿನ ಪಾತ್ರೆನೇ ನೆಕ್ಕಿದೋನು." ಕೇಳದೆಯೇ ಒಂದನ್ನು ಅವನ ತಟ್ಟೆಗೆ ಹಾಕಿದಳು.

ಆಗ ಕಿಟಕಿಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಬಹಳ ಸಣ್ಣದು, ಡಬ್ಬಿಯೊಳಗಿಂದ ಬಂದಂಥದು. ಸಿಗ್ರಿಡ್ ತಿರುಗಿದಳು. ಗೋಡೆಯ ಫೋನಿನ ಸುರುಳಿ ತಂತಿ ನೀಳವಾಗಿ ಎಳೆದುಕೊಂಡಿತ್ತು. ಅದರ ತುದಿಯಲ್ಲಿದ್ದ ರಿಸೀವರ್ ಕಿಟಕಿಯ ಕಟ್ಟೆಯ ಮೇಲೆ, ಹೂವಿನ ಕುಂಡದ ಹಿಂದೆ, ಬಾಯಿ ಕೋಣೆಯ ಕಡೆಗಾಗಿ ಮಲಗಿತ್ತು. ಕಿಟಕಿಯಾಚೆ ನದಿ, ನದಿಯಾಚೆ ಕೆನಡಾದ ಮನೆಗಳು. ರೆಮೀಯ ಸೋದರಮಾವನ ಮನೆ ಆ ದಡದಲ್ಲಿದೆ ಎಂದು ಬೆಳಿಗ್ಗೆ ಗೇತಾನನೇ ಹೇಳಿದ್ದ. ಮೆಮೇರ್ ಹಿಟ್ಟಿನ ಪಾತ್ರೆಯೊಳಗೆ ಗಟ್ಟಿಯಾಗಿ ಸೌಟು ಆಡಿಸತೊಡಗಿದಳು. ಅವಳ ಕಿವಿಯಂಚು ಕೆಂಪಾಗಿತ್ತು.

ಸಿಗ್ರಿಡ್ ಎದ್ದು ಹೋಗಿ ಆ ರಿಸೀವರನ್ನು ಎತ್ತಬಹುದಿತ್ತು. ಎತ್ತಿದರೆ ಮಾತಾಡಬೇಕು, ಸೇನೆಯ ಕಡೆಯವಳಾಗಿ ಅವಳು ರೆಮೀಯೊಂದಿಗೆ ಮಾತಾಡುವ ಹಾಗಿಲ್ಲ. ಬದಲಿಗೆ ತಟ್ಟೆ ಮುಂದೆ ಹಿಡಿದಳು.

"ನನಗೆ ಇನ್ನೊಂದು ಹಾಕಿ ಮೆಮೇರ್. ಗೇತಾನ್, ನಿಮಗೆ ಕಾನೂನಿನ ಒಂದು ಪಾಠ ಹೇಳ್ಲಾ? ನಿಮ್ಮ ಕೆಲಸಕ್ಕೆ ಬರುತ್ತೆ."

"ಈಗಲಾ?"

"ಪಾಠಕ್ಕೆ ಹೊತ್ತೇನು? ಸ್ವಲ್ಪ ಜೋರಾಗೇ ಹೇಳ್ತೀನಿ, ನಿಮಗೆ ಒಂದು ಕಿವಿ ಮಂದ ಅಲ್ವಾ."

ಗೇತಾನ್‌ನ ಎರಡು ಕಿವಿಯೂ ಚೆನ್ನಾಗಿದ್ದವು. ಅವನು ಅರ್ಥವಾಗದೆ ಅವಳನ್ನು ನೋಡಿದ. ಸಿಗ್ರಿಡ್ ಕೋರ್ಟಿನಲ್ಲಿ ವಯಸ್ಸಾದ ಸಾಕ್ಷಿಗಳೊಂದಿಗೆ ಮಾತಾಡುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದಳು.

"ಒಬ್ಬ ಬರಲಿಲ್ಲ ಅಂದ ಮಾತ್ರಕ್ಕೆ ಓಡಿಹೋದ ಅಂತ ಅಲ್ಲ. ಇನ್ನು ಬರೋದೇ ಇಲ್ಲ ಅಂತ ಅವನು ನಿಶ್ಚಯ ಮಾಡ್ಕೊಂಡಿರಬೇಕು. ಇಲ್ಲಾ ಯುದ್ಧಕ್ಕೆ ಹೋಗೋದನ್ನ ತಪ್ಪಿಸ್ಕೊಳ್ಳೋಕೆ ಅಂತಲೇ ಮರೆಯಾಗಿರಬೇಕು. ಎರಡೂ ಇಲ್ಲದಿದ್ರೆ ಅವನು ಗೈರುಹಾಜರಾದೋನು, ಅಷ್ಟೇ. ಅದಕ್ಕೂ ಶಿಕ್ಷೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಎರಡಕ್ಕೂ ಅಜಗಜಾಂತರ."

ಗೇತಾನ್ ಚಮಚ ಕೆಳಗಿಟ್ಟ. "ಯಾರೋ ರಜಾ ಕೊಟ್ರು ಅಂತ ಅವನು ನಂಬಿದ್ರೆ?"

"ನಿಜವಾಗ್ಲೂ ನಂಬಿದ್ರೆ ಓಡಿಹೋದೋನು ಆಗಲ್ಲ. ಪೆದ್ದು ನಂಬಿಕೆ ಆದ್ರೂ ಪರವಾಗಿಲ್ಲ. ಗೈರುಹಾಜರಿಯಿಂದ ಪಾರಾಗಬೇಕಾದ್ರೆ ಮಾತ್ರ, ಹಾಗೆ ನಂಬೋದಕ್ಕೆ ಸರಿಯಾದ ಕಾರಣಾನೂ ಇರಬೇಕು."

"ರಜಾ ಕೊಟ್ಟೋನಿಗೆ ಕೊಡೋ ಅಧಿಕಾರವೇ ಇರಲಿಲ್ಲ ಅಂದ್ರೆ?"

"ಅದು ಕೊಟ್ಟೋನ ತಪ್ಪು. ನಂಬಿದೋನ ತಪ್ಪಾ ಅನ್ನೋದು ಬೇರೆ ಮಾತು."

ಒಲೆಯಲ್ಲಿ ಸೌದೆ ಕುಸಿದು ಸದ್ದಾಯಿತು. ಸಿಗ್ರಿಡ್ ಮುಂದುವರಿಸಿದಳು. ಈಗ ಅವಳು ಗೇತಾನ್‌ನ ಮುಖವನ್ನೇ ನೋಡುತ್ತಿದ್ದರೂ ದನಿ ಕಿಟಕಿಯ ತನಕ ಹೋಗುತ್ತಿತ್ತು.

"ಇನ್ನೊಂದಿದೆ. ಮೊದಲ ದಿನ ಇಲ್ಲದ ಉದ್ದೇಶ ಆಮೇಲೆ ಹುಟ್ಟಬಹುದು. ತಪ್ಪು ತಿಳ್ಕೊಂಡು ಹಿಂದೆ ಉಳಿದ ಅಂತ ಇಟ್ಕೊಳ್ಳಿ. ಎಲ್ಲರೂ ಹೋಗಿಬಿಟ್ರು, ತನ್ನ ಕಥೆ ಮುಗೀತು ಅಂತ ಹೆದರ್ಕೊಂಡ. ಇನ್ನು ಹೋಗೋದೇ ಬೇಡ ಅಂತ ಮನಸ್ಸು ಗಟ್ಟಿ ಮಾಡ್ದ. ಆ ಗಳಿಗೆಯಿಂದ ಅವನು ಓಡಿಹೋದೋನೇ. ಇನ್ನೂ ಗಟ್ಟಿ ಮಾಡಿಲ್ಲ, ಬರೀ ಹೆದರಿ ಕೂತಿದ್ದಾನೆ ಅಂದ್ರೆ, ಅಲ್ಲ. ಒಳಗೆ ಏನಿದೆ ಅಂತ ನೋಡೋರಿಗೆ ಹೇಗೆ ಗೊತ್ತಾಗ್ಬೇಕು ಹೇಳಿ. ಹಿಡ್ಕೊಂಡು ಬಂದೋನನ್ನ ನೋಡೋ ಕಣ್ಣೇ ಬೇರೆ, ತಾನಾಗೇ ನಡ್ಕೊಂಡು ಬಂದೋನನ್ನ ನೋಡೋ ಕಣ್ಣೇ ಬೇರೆ. ಇಷ್ಟೇ ಪಾಠ."

"ಮೇಡಂ," ಎಂದ ಗೇತಾನ್. "ನಾನೊಂದು ಹೇಳ್ಬೇಕು."

"ನಿಲ್ಲಿ." ಸಿಗ್ರಿಡ್ ಕೈ ಎತ್ತಿದಳು. "ನೀವು ಏನೂ ಹೇಳಬೇಕಾಗಿಲ್ಲ. ಹೇಳಿದ್ದು ನಿಮ್ಮ ಮೇಲೇ ಬರಬಹುದು. ಮೊದಲು ನಿಮ್ಮ ವಕೀಲರನ್ನ ಕೇಳ್ಕೊಂಡು—"

"ಆ ಮಾತನ್ನ ನಾನೇ ಎಷ್ಟು ಹುಡುಗರಿಗೆ ಓದಿ ಹೇಳಿಲ್ಲ ಮೇಡಂ. ಗೊತ್ತು." ಅವನು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ. ಇನ್ನೊಬ್ಬರ ಅನ್ನದ ಮುಂದೆ ಹೇಳಬಾರದ ಮಾತೋ ಎಂಬಂತೆ. "ರಜಾ ಕೊಟ್ಟೋನು ನಾನೇ."

ಮೆಮೇರ್ ಸೌಟು ಆಡಿಸುವುದನ್ನು ನಿಲ್ಲಿಸಿದಳು.

"ಪ್ರತಿ ವರ್ಷ ಮಾಡೋದೇ ಅದು. ಅಗೆತದ ಹೊತ್ತಲ್ಲಿ ಶಾಲೇನೇ ಮುಚ್ತಾರೆ, ನಾವು ಕವಾಯತು ಮಾಡಿಸ್ತೀವಾ? ಮುಗಿಸ್ಕೊಂಡು ಬಾರೋ, ನವೆಂಬರಲ್ಲಿ ಸರಿಮಾಡ್ಕೊಳ್ಳೋಣ ಅಂತೀನಿ. ಮುಗೀತು. ಯಾರೂ ಯಾವತ್ತೂ ಕೇಳಿದ್ದಿಲ್ಲ. ಚರ್ಚಿನ ಊಟದಲ್ಲಿ ಬೀನ್ಸ್ ಕಾಳು ಬಡಿಸ್ತಾ ಇದ್ದೆ, ರೆಮೀ ತಟ್ಟೆ ಹಿಡ್ಕೊಂಡು ಬಂದು ಕೇಳ್ದ. ಲಾಬ್ರೀಯ ಇನ್ನೊಬ್ಬ ಚಾಲಕ ಕೈ ಮುರ್ಕೊಂಡಿದ್ದಾನೆ, ನಾನೂ ಹೋದ್ರೆ ಅಗೆಯೋ ಯಂತ್ರ ನಿಂತುಹೋಗುತ್ತೆ, ಏನ್ಮಾಡ್ಲಿ ಅಂತ. ಸಾಮಾನು ಒಯ್ಯೋ ಎರಡನೇ ಬಸ್ಸು ಒಂದು ವಾರ ಬಿಟ್ಟು ಹೋಗುತ್ತೆ, ಅದರಲ್ಲಿ ಹತ್ತಿಸ್ತೀನಿ ಬಿಡೋ ಅಂದೆ. ಅಷ್ಟು ಸಲೀಸಾಗಿ ಅಂದುಬಿಟ್ಟೆ. ಈ ಸಲದ ಆದೇಶ ನನ್ನ ಕೈಯಲ್ಲಿರೋದಲ್ಲ ಅಂತ ತಲೆಗೇ ಹೋಗಲಿಲ್ಲ. ಆಮೇಲೆ ಮಳೆ ಹಿಡ್ಕೊಂಡ್ತು. ಎರಡನೇ ಬಸ್ಸೂ ಹೋಯ್ತು."

"ಕರ್ನಲ್ ನಿಮ್ಮನ್ನ ಕೇಳಲಿಲ್ವಾ?"

"ಕೇಳಿದ್ರು. ಎಲ್ಲಿದ್ದಾನೋ ಗೊತ್ತಿಲ್ಲ ಸರ್ ಅಂದೆ. ಪಿಂಚಣಿ ಹತ್ತಿರ ಬಂದಿದೆ ಮೇಡಂ, ಬಾಯಿಂದ ಹಾಗೇ ಬಂತು. ಒಂದು ಸಲ ಗೊತ್ತಿಲ್ಲ ಅಂದಮೇಲೆ ದಿನಾ ಅದನ್ನೇ ಅನ್ನಬೇಕಾಯ್ತು." ಅವನ ದನಿ ಕೆಳಗಿಳಿಯಿತು. "ಅಗೆತ ಮುಗಿದ ಮೇಲೆ ಹುಡುಗ ನನಗೆ ಫೋನ್ ಮಾಡ್ದ. ಈಗ ಹೇಗೆ ಬರಲಿ ಅಂತ ಕೇಳೋಕೆ. ಯಾರು ಅಂತ ಗೊತ್ತಿದ್ದೂ ನಾನು ಎತ್ತಲಿಲ್ಲ. ಮಾರನೇ ದಿನವೂ ಮಾಡ್ದ. ಆಮೇಲೆ ಬಿಟ್ಟುಬಿಟ್ಟ."

ಕುಂಡದ ಹಿಂದಿನಿಂದ ಯಾರೋ ಉಸಿರು ಬಿಟ್ಟ ಸದ್ದು ಬಂತು. ಗೇತಾನ್ ತಲೆಯೆತ್ತಿದ. ತಂತಿಯನ್ನು ನೋಡಿದ, ಸಿಗ್ರಿಡ್‌ಳನ್ನು ನೋಡಿದ, ಕೊನೆಗೆ ಮೆಮೇರ್‌ಳನ್ನು.

ಮೆಮೇರ್ ಅವಸರ ಮಾಡಲಿಲ್ಲ. ಕಾವಲಿಯನ್ನು ಒಲೆಯ ಪಕ್ಕಕ್ಕೆ ಸರಿಸಿ, ಗೇತಾನ್‌ನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, ಕಿಟಕಿಯ ಹತ್ತಿರ ಹೋಗಿ ರಿಸೀವರ್ ಎತ್ತಿಕೊಂಡಳು.

"ಕೇಳಿಸ್ತೇನೋ ಎಲ್ಲ?" ಎಂದಳು. ಆ ಕಡೆಯ ಮಾತು ಕೇಳಿಸಿಕೊಂಡಳು. "ಹೂಂ... ಹೂಂ... ಅದನ್ನ ನೀನು ಯೋಚ್ನೆ ಮಾಡು, ನಾನು ಹೇಳಲ್ಲ. ...ಸರಿ. ಟೊಪ್ಪಿ ಹಾಕ್ಕೊಂಡು ಬಾ. ಗಾಳಿ ಇದೆ, ತಲೇಲಿ ಕೂದಲಿಲ್ಲ ನಿನಗೆ."

ಸೇತುವೆಯ ತನಕ ಗೇತಾನನೇ ಕಾರು ಓಡಿಸಿದ. ಹಸಿರು ಚೀಲ ಹಿಂದಿನ ಸೀಟಿನಲ್ಲಿತ್ತು. ಅದರ ಪಕ್ಕದಲ್ಲಿ ಮೆಮೇರ್, ಮಡಿಲಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ದಾರಿಯುದ್ದಕ್ಕೂ ಖಾಲಿ ಹೊಲಗಳು, ತಪ್ಪಿಸಿಕೊಂಡ ಆಲೂಗಡ್ಡೆಗಳನ್ನು ಕುಕ್ಕುತ್ತಿದ್ದ ಕಾಗೆಗಳು. ಗಡಿಯ ಸುಂಕದ ಕಟ್ಟೆಯ ಪಕ್ಕದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಸಿಗ್ರಿಡ್ ಕೆಳಗಿಳಿದು ಕರ್ನಲ್‌ಗೆ ಫೋನ್ ಹಚ್ಚಿದಳು.

"ಸರ್, ಸೋಮವಾರದ ತನಕ ಕಾಯೋದು ಬೇಡ ಅನಿಸುತ್ತೆ. ಮಿಶೋ ತಾನಾಗೇ ಬರ್ತಾ ಇದ್ದಾನೆ."

"ಎಲ್ಲಿದ್ದಾನೆ?"

"ಸೇತುವೆ ಮೇಲೆ." ಅವಳು ಹೇಳುವ ಹೊತ್ತಿಗೆ ಆ ತುದಿಯಲ್ಲಿ ಒಂದು ಚಿಕ್ಕ ಆಕೃತಿ ಕಂಡಿತ್ತು. ಗಾಳಿಗೆ ಟೊಪ್ಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿತ್ತು. ಅಧಿಕಾರವಿಲ್ಲದೆ ಕೊಟ್ಟ ರಜೆ, ಅದನ್ನು ನಂಬಿದ ಹುಡುಗ, ಎತ್ತದೆ ಬಿಟ್ಟ ಫೋನು, ಎಲ್ಲವನ್ನೂ ಹೇಳಿದಳು. ಗೇತಾನ್ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವಳು ದನಿ ತಗ್ಗಿಸಲಿಲ್ಲ. ತನ್ನ ಬಗ್ಗೆ ಏನು ಹೇಳಿದಳೆಂಬುದು ಅವನಿಗೂ ಗೊತ್ತಿರಲಿ ಎಂದು.

ಆ ಕಡೆ ಕರ್ನಲ್ ಕೊನೆಯ ತನಕ ಕೇಳಿಸಿಕೊಂಡರು. "ಹಾಗಾದ್ರೆ ಓಡಿಹೋದೋನು ಅಲ್ಲ ಅಂತೀರಿ."

"ನನ್ನ ಅಭಿಪ್ರಾಯ ಅಷ್ಟೇ ಸರ್. ಗೈರುಹಾಜರಿ ಇದೆ. ಅದಕ್ಕೆ ಏನು ಮಾಡ್ಬೇಕೋ ನೀವು ನೋಡಿ."

"ನೋಡೋಣ. ಪೊಲೀಸರಿಗೆ ಹೇಳೋದು ನಿಲ್ಲಿಸ್ತೀನಿ. ಸಾರ್ಜೆಂಟ್ ಜೊತೆ ನಾನು ನಾಳೆ ಮಾತಾಡ್ತೀನಿ, ಅವರಿಗೂ ಒಬ್ಬ ವಕೀಲರನ್ನ ನೋಡ್ಕೊಳ್ಳೋಕೆ ಹೇಳಿ." ಆಮೇಲೆ ಕೇಳಿದರು: "ಹುಡುಗನದ್ದು ಊಟ ಆಗಿದೆಯಾ?"

"ಅವರಜ್ಜಿ ತಟ್ಟೆ ಹಿಡ್ಕೊಂಡೇ ಬಂದಿದ್ದಾರೆ ಸರ್."

ಸುಂಕದ ಕಟ್ಟೆಯ ಕಿಟಕಿ ತೆರೆದೇ ಇತ್ತು. ಒಳಗಿದ್ದ ಅಧಿಕಾರಿ ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನೇ ರೆಮೀಗೂ ಕೇಳಿದ. ಅಧಿಕಾರಿಗೆ ಅವನು ಯಾರೆಂದು ಗೊತ್ತಿರಲಿಲ್ಲ.

"ಆಚೆ ಯಾಕೆ ಹೋಗಿದ್ರಿ?"

ರೆಮೀ ಟೊಪ್ಪಿ ತೆಗೆದ. ಒಂದು ಕಿವಿಯ ಮೇಲೆ ಕೂದಲು ಮೆಟ್ಟಿಲು ಮೆಟ್ಟಿಲಾಗಿತ್ತು. ಸಿಗ್ರಿಡ್ ಅಂದುಕೊಂಡಿದ್ದಕ್ಕಿಂತ ಚಿಕ್ಕವನ ಹಾಗೆ ಕಂಡ. "ಹೆದರ್ಕೊಂಡು," ಎಂದ.

ಅಧಿಕಾರಿ ತಲೆಯೆತ್ತಿ ನೋಡಿದ. ಪಟ್ಟಿಯ ಮುಂದಿನ ಪ್ರಶ್ನೆಗೆ ಹೋದ. "ಏನಾದ್ರೂ ತರ್ತಾ ಇದ್ದೀರಾ?"

"ಸೇಬು. ಮಾವನ ಮರದ್ದು."

"ಸೇಬು ಒಳಗೆ ಬಿಡೋ ಹಾಗಿಲ್ಲ. ಇಲ್ಲೇ ತಿಂದು ಮುಗಿಸಿ, ಇಲ್ಲಾ ಆ ಡಬ್ಬಕ್ಕೆ ಹಾಕಿ."

ರೆಮೀ ಕೈಚೀಲದೊಳಗೆ ನೋಡಿದ. ಒಬ್ಬನೇ ತಿಂದು ಮುಗಿಸಲಾಗದಷ್ಟು ಇದ್ದವು. ಎಸೆಯುವುದಕ್ಕೂ ಕೈ ಬಾರದೆ ನಿಂತ. ಆಗ ಗೇತಾನ್ ಕಟ್ಟೆಯ ಹತ್ತಿರ ಹೋಗಿ ಅಧಿಕಾರಿಯನ್ನು ಏನೋ ಕೇಳಿದ. ಅಧಿಕಾರಿ ಭುಜ ಕುಣಿಸಿ, ತಡೆಗಂಬದ ಆಚೆಗಿನ ಬೆಂಚನ್ನು ತೋರಿಸಿದ. ಗೇತಾನ್ ದಾಟಿ ಹೋದ. ಇಬ್ಬರೂ ಎದುರುಬದುರು ನಿಂತರು. ಕೊನೆಗೆ ಗೇತಾನ್ ಕೈ ಮುಂದೆ ಮಾಡಿದ. ರೆಮೀ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿ, ಆಮೇಲೆ ಅದರಲ್ಲಿ ಒಂದು ಸೇಬು ಇಟ್ಟ.

ಮೆಮೇರ್ ತಟ್ಟೆಯನ್ನು ಕಾರಿನ ಮೇಲಿಟ್ಟು ತಾನೂ ಅತ್ತ ನಡೆದಳು. ಅಧಿಕಾರಿ ಅವಳಿಗಾಗಿ ತಡೆಗಂಬವನ್ನು ಪೂರ್ತಿ ಎತ್ತಿ ಹಿಡಿದ. ಸಿಗ್ರಿಡ್ ಕಾರಿಗೆ ಒರಗಿ ಈಚೆಯಲ್ಲೇ ಉಳಿದಳು. ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತು, ಗಾಳಿಗೆ ಬೆನ್ನು ಮಾಡಿ, ಸೇಬು ಕಡಿಯುತ್ತಿದ್ದರು. ಅವರ ಹಿಂದೆ ಸೇತುವೆಯ ಮೇಲೆ ಎರಡು ಆಲೂಗಡ್ಡೆ ಲಾರಿಗಳು ಬಂದು ನಿಂತವು. ಚಾಲಕರು ಹಾರ್ನ್ ಹಾಕದೆ, ಎಂಜಿನ್ ಆರಿಸಿ ಕಾದರು.